ನೀರಿಗೂ ಒಂದು ಪಹಣಿ



ಜಲಾಶಯದ ಮೇಲೆ ತೇಲುವ ಸೌರ ವಿದ್ಯುತ್ ಸ್ಥಾವರದ ಬಗ್ಗೆ ಮಾತಾಡುತ್ತೇನೆ ಎಂದಾಗ ಈ ಸಭೆಯ ಸಂಘಟಕರಲ್ಲೊಬ್ಬರು, "ಸಾರ್, ದೆಹಲಿಯಲ್ಲಿ ಜಲಾಶಯವೇ ಇಲ್ಲವಲ್ಲ" ಎಂದರು. ನಿಜ, ಇಲ್ಲ. ವಜೀರಾಬಾದ್ ಬ್ಯಾರೇಜಿನ ಹಿಂದೆ ಯಮುನೆ ಒಂದಿಷ್ಟು ನಿಲ್ಲುತ್ತದೆ. ಅದನ್ನು ಜಲಾಶಯ ಎಂದು ಕರೆದರೆ ಹೊಸಪೇಟೆಯವರು ನಕ್ಕುಬಿಟ್ಟಾರು. ಆದರೂ ಈ ಮಾತನ್ನು ಆಡಲು ದೆಹಲಿಗಿಂತ ಸರಿಯಾದ ಊರು ಬೇರೆ ಇಲ್ಲ. ರಾಮಕೃಷ್ಣಪುರದ ಸೇವಾ ಭವನವನ್ನು ನೀವೆಲ್ಲ ನೋಡಿದ್ದೀರಿ. ದೇಶದ ಜಲಾಶಯಗಳ ಮಟ್ಟ ಎಷ್ಟಿದೆ ಎಂದು ವಾರವಾರ ಲೆಕ್ಕ ಇಡುವ ಕೇಂದ್ರ ಜಲ ಆಯೋಗ ಆ ಕಟ್ಟಡದಲ್ಲಿದೆ. ದೇಶದ ವಿದ್ಯುತ್ತಿನ ಲೆಕ್ಕ ಇಡುವ ಕೇಂದ್ರ ವಿದ್ಯುತ್ ಪ್ರಾಧಿಕಾರವೂ ಅದೇ ಕಟ್ಟಡದಲ್ಲಿದೆ. ಎನ್‌ಟಿಪಿಸಿಯ ಮುಖ್ಯ ಕಚೇರಿ ಲೋಧಿ ರಸ್ತೆಯಲ್ಲಿ, ಎನ್‌ಎಚ್‌ಪಿಸಿಯದು ಫರಿದಾಬಾದ್‌ನಲ್ಲಿ, ಸೌರಶಕ್ತಿ ನಿಗಮ ಸೆಕಿಯದು ಕಿದ್ವಾಯಿ ನಗರದಲ್ಲಿ. ಗುರುಗ್ರಾಮದಿಂದ ಫರಿದಾಬಾದ್‌ಗೆ ಹೋಗುವ ದಾರಿಯ ಗ್ವಾಲ್ ಪಹಾಡಿಯಲ್ಲಿ ರಾಷ್ಟ್ರೀಯ ಸೌರಶಕ್ತಿ ಸಂಸ್ಥೆ ಇದೆ, ಅದರ ಆವರಣದಲ್ಲೇ ಅಂತರರಾಷ್ಟ್ರೀಯ ಸೌರ ಒಕ್ಕೂಟದ ಕೇಂದ್ರ ಕಚೇರಿಯೂ ಇದೆ. ನೀರು ಎಲ್ಲೋ ಇರುತ್ತದೆ, ಅದರ ಮೇಲೆ ಏನು ತೇಲಬೇಕೆಂಬ ತೀರ್ಮಾನ ಬಹುಪಾಲು ಈ ಊರಿನ ಆಸುಪಾಸಿನಲ್ಲೇ ಆಗುತ್ತದೆ. ಈ ಸಭೆಯಲ್ಲಿರುವ ಎಷ್ಟೋ ಜನ ಆ ಕಚೇರಿಗಳಲ್ಲಿ ದುಡಿದವರು, ಈಗಲೂ ದುಡಿಯುತ್ತಿರುವವರು.

ಮೊದಲು ವಸ್ತು ಯಾವುದು ಅಂತ ನೋಡೋಣ. ಗ್ರೇಟರ್ ನೋಯ್ಡಾದ ಎಕ್ಸ್‌ಪೋ ಮಾರ್ಟ್‌ನಲ್ಲಿ ವರ್ಷಕ್ಕೊಮ್ಮೆ ನವೀಕರಿಸಬಹುದಾದ ಇಂಧನದ ದೊಡ್ಡ ಪ್ರದರ್ಶನ ನಡೆಯುತ್ತದೆ. ಅಲ್ಲಿಗೆ ಹೋದವರು ಪ್ಯಾನೆಲ್ಲನ್ನು ನೀರಿನ ಮೇಲೆ ಹೊರುವ ತೇಲುಬುಡ್ಡೆಗಳನ್ನು ಮುಟ್ಟಿ ನೋಡಿರಬಹುದು. ನೀರಿನ ಡ್ರಮ್ಮು ಮಾಡುತ್ತಾರಲ್ಲ, ಅದೇ ಜಾತಿಯ ಗಟ್ಟಿ ಪ್ಲಾಸ್ಟಿಕ್ಕು. ಬಿಸಿಲಿಗೆ ಪುಡಿಯಾಗದಂತೆ ಅದಕ್ಕೆ ಬೇರೆ ಮದ್ದು ಬೆರೆಸಿರುತ್ತಾರೆ. ಒಳಗೆ ಟೊಳ್ಳು, ಗೆಣ್ಣಿನಿಂದ ತಟ್ಟಿದರೆ ಸದ್ದಿನಲ್ಲೇ ಗೊತ್ತಾಗುತ್ತದೆ. ಮೂಲೆಗಳಲ್ಲಿ ಕಿವಿಗಳಿವೆ, ಕಿವಿಗೊಂದು ತೂತು. ಒಂದರ ಕಿವಿಯ ಮೇಲೆ ಇನ್ನೊಂದರ ಕಿವಿ ಕೂರಿಸಿ ಪ್ಲಾಸ್ಟಿಕ್ಕಿನದೇ ಬೋಲ್ಟು ಬಿಗಿಯುತ್ತಾರೆ. ದೊಡ್ಡ ಬುಡ್ಡೆ ಪ್ಯಾನೆಲನ್ನು ಹೊರುತ್ತದೆ. ಚಿಕ್ಕದು ಎರಡು ಸಾಲಿನ ನಡುವೆ ಅಂತರ ಬಿಡುವುದಕ್ಕೆ, ಒರೆಸಲು ರಿಪೇರಿ ಮಾಡಲು ಹೋಗುವವರು ಕಾಲಿಡುವುದಕ್ಕೆ. ಅದರ ಮೇಲೆ ನಿಂತರೆ ಕಾಲ ಕೆಳಗೆ ಸಣ್ಣಗೆ ಓಲಾಡುತ್ತದೆ, ಮೊದಲ ಸಲ ನಿಂತವರು ಹಿಡಿದುಕೊಳ್ಳಲು ಏನಾದರೂ ಇದೆಯೇ ಎಂದು ಹುಡುಕುತ್ತಾರೆ. ಕಟ್ಟುವ ಕೆಲಸವೂ ದಡದಲ್ಲೇ ಆಗುತ್ತದೆ. ಇಳಿಜಾರಿನಲ್ಲಿ ಒಂದು ಸಾಲು ಜೋಡಿಸಿ ನೀರಿಗೆ ತಳ್ಳುವುದು, ಅದರ ಬಾಲಕ್ಕೆ ಮುಂದಿನ ಸಾಲು ಕೂಡಿಸುವುದು, ಎಕರೆಗಟ್ಟಲೆ ಆದ ಮೇಲೆ ದೋಣಿಗೆ ಕಟ್ಟಿ ಎಳೆದುಕೊಂಡು ಹೋಗಿ ಜಾಗಕ್ಕೆ ನಿಲ್ಲಿಸುವುದು.

ಜಪಾನಿನ ಐಚಿಯಲ್ಲಿ 2007ರಲ್ಲಿ 20 ಕಿಲೋವ್ಯಾಟಿನ ಪುಟ್ಟ ಪ್ರಯೋಗವಾಗಿ ಇದು ಶುರುವಾಯಿತು. ಕೇರಳದ ವಯನಾಡಿನ ಬಾಣಾಸುರ ಸಾಗರದಲ್ಲಿ 2017ರಲ್ಲಿ 500 ಕಿಲೋವ್ಯಾಟ್ ತೇಲಿತು. ಆಗ ಅದೇ ದೊಡ್ಡ ಸುದ್ದಿ. 2022ರ ಜುಲೈ 1ಕ್ಕೆ ತೆಲಂಗಾಣದ ರಾಮಗುಂಡಂನಲ್ಲಿ ಎನ್‌ಟಿಪಿಸಿಯ 100 ಮೆಗಾವ್ಯಾಟ್ ಪೂರ್ತಿಯಾಯಿತು. ಕಲ್ಲಿದ್ದಲು ಸ್ಥಾವರದ ನೀರಿಗಾಗಿ ಮಾಡಿಕೊಂಡ ಜಲಾಶಯದ 500 ಎಕರೆಯ ಮೇಲೆ 40 ತುಂಡುಗಳು, ತುಂಡಿಗೆ 11,200 ಪ್ಯಾನೆಲ್, ಪ್ರತಿ ತುಂಡಿಗೂ ಒಂದು ತೇಲುವ ಕಟ್ಟೆ, ಅದರ ಮೇಲೆ ಇನ್ವರ್ಟರ್, ಟ್ರಾನ್ಸ್‌ಫಾರ್ಮರ್. ಕಟ್ಟಿಕೊಟ್ಟವರು ಬಿಎಚ್‌ಇಎಲ್, ಖರ್ಚು 423 ಕೋಟಿ ರೂಪಾಯಿ. ಅಲ್ಲಿಂದ ಎರಡೇ ವರ್ಷಕ್ಕೆ, 2024ರಲ್ಲಿ, ಮಧ್ಯಪ್ರದೇಶದ ಓಂಕಾರೇಶ್ವರದಲ್ಲಿ ನರ್ಮದೆಯ ಹಿನ್ನೀರಿನ ಮೇಲೆ 278 ಮೆಗಾವ್ಯಾಟಿನ ಮೊದಲ ಹಂತ ಬಂತು. ಅದರಲ್ಲಿ ಎಸ್‌ಜೆವಿಎನ್‌ನ ಪಾಲು 90, ಆಂಪ್ ಎನರ್ಜಿಯದು 100, ಎನ್‌ಎಚ್‌ಡಿಸಿಯದು 88. ಒಟ್ಟು ಯೋಜನೆ 600 ಮೆಗಾವ್ಯಾಟಿನದು. ಅರ್ಧ ಮೆಗಾವ್ಯಾಟಿನಿಂದ ಇಲ್ಲಿಗೆ ಬರಲು ಏಳು ವರ್ಷ ಸಾಕಾಯಿತು.

ಈ ಸ್ಥಾವರ ನೋಡಲು ಹೋದವರೆಲ್ಲ ಮೇಲಿರುವುದರ ಫೋಟೋ ತೆಗೆದುಕೊಂಡು ಬರುತ್ತಾರೆ. ಎಂಜಿನಿಯರನ ತಲೆನೋವು ಇರುವುದು ಕೆಳಗೆ. ಪ್ಯಾನೆಲ್ಲಿನ ಹಾಸು ಗಾಳಿಗೆ ಸಿಕ್ಕಿದರೆ ಹಾಯಿಯಂತಾಗುತ್ತದೆ. ಅದಕ್ಕೇ ನೆಲದ ಮೇಲಿನ ಪ್ಯಾನೆಲ್ಲಿಗಿಂತ ಇಲ್ಲಿನದು ಹೆಚ್ಚು ಮಲಗಿರುತ್ತದೆ. ಹಾಸನ್ನು ಹಿಡಿದು ನಿಲ್ಲಿಸಲು ತಳಕ್ಕೆ ಕಾಂಕ್ರೀಟಿನ ಭಾರಗಳನ್ನು ಇಳಿಸುತ್ತಾರೆ, ಭಾರಕ್ಕೂ ಹಾಸಿಗೂ ನಡುವೆ ಹಗ್ಗ. ಹಗ್ಗದ ಉದ್ದದಲ್ಲಿ ಎಲ್ಲ ಸೂಕ್ಷ್ಮವೂ ಇದೆ. ಗೂಟಕ್ಕೆ ಎತ್ತು ಕಟ್ಟುವ ರೈತನಿಗೆ ಇದು ಗೊತ್ತು: ಹಗ್ಗ ಗಿಡ್ಡವಾದರೆ ಎತ್ತು ಮೇಯಲಾರದು, ಉದ್ದವಾದರೆ ಪಕ್ಕದವರ ಹೊಲಕ್ಕೆ ಬಾಯಿ ಹಾಕುತ್ತದೆ. ಜಲಾಶಯ ತುಂಬಿದಾಗ ಹಗ್ಗ ಬಿಗಿದು ಹಾಸನ್ನು ಕೆಳಗೆಳೆಯಬಾರದು, ಖಾಲಿಯಾದಾಗ ಸಡಿಲಬಿದ್ದು ಹಾಸು ಅಲೆಯಲೂ ಬಾರದು.

ನಮ್ಮ ಕಡೆಯ ಜಲಾಶಯಗಳನ್ನು ನೆನೆದರೆ ಈ ಕಷ್ಟ ಅರ್ಥವಾಗುತ್ತದೆ. ಲಿಂಗನಮಕ್ಕಿಯ ಪೂರ್ಣಮಟ್ಟ 1819 ಅಡಿ. ಮಳೆ ಕೈಕೊಟ್ಟ ವರ್ಷ ಅದು ಎಪ್ಪತ್ತು ಅಡಿಗೂ ಕೆಳಗಿಳಿದದ್ದುಂಟು. ಹಾಗೆ ಇಳಿದಾಗ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ನೀರಿನಿಂದ ಎದ್ದು ಕಾಣುತ್ತದೆ, ಸಾಗರದ ಕಡೆಯ ಜನ ನೋಡಲು ಹೋಗುತ್ತಾರೆ. ಜನಕ್ಕೆ ಅದು ಪ್ರವಾಸ. ಲಂಗರು ಇಳಿಸುವವನಿಗೆ ಅದು ಎಚ್ಚರಿಕೆ: ತಳ ಸಮತಟ್ಟಾದ ಬಯಲೇನಲ್ಲ, ಅಲ್ಲಿ ಗುಡ್ಡ ಇದೆ, ಮರದ ಬೊಡ್ಡೆ ಇದೆ, ಗೋಡೆ ಇದೆ, ಒಂದು ಇಡೀ ಅಣೆಕಟ್ಟೇ ಇದೆ. ದೋಣಿಯಿಂದ ಶಬ್ದದ ಅಲೆ ಬಿಟ್ಟು ತಳದ ನಕ್ಷೆ ತೆಗೆಯದೆ ಒಂದು ಭಾರವನ್ನೂ ಇಳಿಸುವಂತಿಲ್ಲ. ಇನ್ನು ತುಂಗಭದ್ರೆ. 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ 105ರ ಆಸುಪಾಸಿಗೆ ಬಂದಿದೆ. ಹೂಳಿನಲ್ಲಿ ಕಾಂಕ್ರೀಟಿನ ಭಾರ ಮೆಲ್ಲಗೆ ಇಳಿಯುತ್ತಲೇ ಹೋದರೆ ಹಗ್ಗದ ಲೆಕ್ಕವೆಲ್ಲ ತಪ್ಪುತ್ತದೆ. ಅದರ ಜೊತೆಗೆ 2024ರ ಆಗಸ್ಟ್ 10ರ ರಾತ್ರಿಯನ್ನೂ ಇಟ್ಟು ನೋಡಿ. 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು, ತುಂಬಿದ್ದ ಜಲಾಶಯದಿಂದ ಹತ್ತಾರು ಟಿಎಂಸಿ ನೀರು ನದಿಗೆ ಹೋಯಿತು. ಆ ದಿನ ಅಲ್ಲಿ ಸಾವಿರ ಎಕರೆಯ ಪ್ಯಾನೆಲ್ ತೇಲುತ್ತಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಗೆ ವಿನ್ಯಾಸದ ಕಾಗದದಲ್ಲೇ ಉತ್ತರ ಇರಬೇಕು.

ಓಂಕಾರೇಶ್ವರವನ್ನು ಆರಿಸಿದ್ದಕ್ಕೆ ಇಂಥ ಏರಿಳಿತ ಅಲ್ಲಿ ಕಡಿಮೆ ಎಂಬುದೂ ಒಂದು ಕಾರಣ. ಮೇಲ್ಗಡೆ ಇಂದಿರಾ ಸಾಗರ ಎಂಬ ಭಾರೀ ಅಣೆಕಟ್ಟು ನೀರನ್ನು ಹದ ಮಾಡಿ ಬಿಡುವುದರಿಂದ ಕೆಳಗಿನ ಓಂಕಾರೇಶ್ವರದಲ್ಲಿ ಮಟ್ಟ ಅಷ್ಟೇನೂ ಏರಿಳಿಯುವುದಿಲ್ಲ. ಅಂಥ ಜಾಗದಲ್ಲೂ ಗಾಳಿ ತನ್ನ ಪಾಲು ಕೇಳಿತು. 2024ರ ಏಪ್ರಿಲ್‌ನಲ್ಲಿ, ಕಟ್ಟುವ ಕೆಲಸ ಇನ್ನೂ ನಡೆದಿದ್ದಾಗ, ಬೇಸಿಗೆಯ ಬಿರುಗಾಳಿಗೆ ಒಂದಿಷ್ಟು ಸಾಲುಗಳು ಮಗುಚಿ ಒಂದರ ಮೇಲೊಂದು ಬಿದ್ದವು. ಜಪಾನಿನ ಯಮಕುರಾದಲ್ಲಿ ಇದಕ್ಕಿಂತ ದೊಡ್ಡ ಅನಾಹುತ ಆಗಿತ್ತು. 13.7 ಮೆಗಾವ್ಯಾಟಿನ ಸ್ಥಾವರ 2019ರ ಸೆಪ್ಟೆಂಬರಿನ ಚಂಡಮಾರುತಕ್ಕೆ ಕಿತ್ತು ರಾಶಿಯಾಗಿ, ರಾಶಿಗೆ ಬೆಂಕಿಯೂ ಹತ್ತಿತು, ನಟ್ಟನಡು ನೀರಿನಲ್ಲಿ. ಇವೆಲ್ಲ ಎಂಜಿನಿಯರಿಂಗಿನಿಂದ ಬಗೆಹರಿಯುವ ತೊಡಕುಗಳು ಎಂಬುದು ನನ್ನ ನಂಬಿಕೆ, ಬಗೆಹರಿಸುತ್ತಲೂ ಇದ್ದಾರೆ. ಆದ್ದರಿಂದ ಇದರಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಲಾಭದ ಕಡೆಗೆ ಬರುತ್ತೇನೆ. ನೆಲ ಬೇಡ ಎಂಬುದು ಮೊದಲನೆಯದು. ಪ್ಯಾನೆಲ್ ಕಾದಷ್ಟೂ ವಿದ್ಯುತ್ ಕಡಿಮೆ, ಒಂದೊಂದು ಡಿಗ್ರಿಗೆ ಸುಮಾರು ಶೇಕಡಾ 0.35ರಿಂದ 0.4. ನೀರಿನ ತಂಪಿಗೆ ಅದು ಸ್ವಲ್ಪ ಕಡಿಮೆ ಕಾಯುತ್ತದೆ ಎಂಬುದು ಎರಡನೆಯದು. ಮಾರುವವರ ಕರಪತ್ರಗಳಲ್ಲಿ ಈ ತಂಪಿನ ಲಾಭ ಬಹಳ ದೊಡ್ಡದಾಗಿ ಕಾಣುತ್ತದೆ. ಪ್ಯಾನೆಲ್ ಮಲಗಿರುವುದರಿಂದ ಆಗುವ ನಷ್ಟವನ್ನು ಅದೇ ಪುಟದಲ್ಲಿ ಬರೆಯುವುದಿಲ್ಲ. ಮೂರನೆಯದು ಆವಿ ತಡೆಯುವುದು. ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಬೇಸರ ಮಾಡಿಕೊಳ್ಳಬೇಡಿ. ರಾಮಗುಂಡಂನಲ್ಲಿ ವರ್ಷಕ್ಕೆ 32.5 ಲಕ್ಷ ಘನ ಮೀಟರ್ ನೀರು ಆವಿಯಾಗದೆ ಉಳಿಯುತ್ತದೆ ಎಂದು ಸರ್ಕಾರದ ಪ್ರಕಟಣೆ ಹೇಳಿತು. 40 ತುಂಡು, ತುಂಡಿಗೆ 11,200 ಎಂದರೆ 4,48,000 ಪ್ಯಾನೆಲ್. ಒಂದಕ್ಕೆ ಎರಡು ಚದರ ಮೀಟರ್ ಹಿಡಿದರೆ ಮುಚ್ಚಿದ ನೀರು 9 ಲಕ್ಷ ಚದರ ಮೀಟರ್. 32.5 ಲಕ್ಷವನ್ನು 9 ಲಕ್ಷದಿಂದ ಭಾಗಿಸಿ: ಮೂರೂವರೆ ಮೀಟರಿಗೂ ಹೆಚ್ಚು. ಅಂದರೆ ಪ್ಯಾನೆಲ್ಲಿನ ಕೆಳಗಿನ ನೀರು ವರ್ಷಕ್ಕೆ ಎರಡಾಳಿನ ಆಳ ಆವಿಯಾಗುತ್ತಿತ್ತು, ಈಗ ಒಂದು ಹನಿಯೂ ಆಗುತ್ತಿಲ್ಲ ಎಂದು ಒಪ್ಪಿಕೊಳ್ಳಬೇಕಾಗುತ್ತದೆ. ದಖ್ಖನ್ನಿನ ಬಿಸಿಲಿಗೂ ಅದು ದುಬಾರಿ ಮಾತು. ಪ್ಯಾನೆಲ್ಲಿನದು ಬಿಟ್ಟು 500 ಎಕರೆಯನ್ನೂ ಹಿಡಿದು ಭಾಗಿಸಿದರೆ ಮಾತ್ರ ಒಂದು ಮೀಟರ್ 60 ಸೆಂಟಿಮೀಟರ್ ಎಂಬ ನಂಬಬಹುದಾದ ಅಂಕಿ ಬರುತ್ತದೆ. ಆದರೆ ಆ 500 ಎಕರೆಯಲ್ಲಿ ಅರ್ಧಕ್ಕಿಂತ ಹೆಚ್ಚಿನದು ತೆರೆದ ನೀರು. ಆವಿ ಉಳಿಯುತ್ತದೆ, ಸುಳ್ಳಲ್ಲ. ಅಷ್ಟು ಉಳಿಯುತ್ತದೆಯೇ ಎಂದು ಮಾತ್ರ ನನ್ನ ಪ್ರಶ್ನೆ.

ನನ್ನ ಕಣ್ಣಿಗೆ ನಿಜವಾದ ಲಾಭ ಬೇರೆಯೇ. ಜಲವಿದ್ಯುತ್ ಕೇಂದ್ರದ ಪಕ್ಕ ಸೌರ ಸ್ಥಾವರ ಇದ್ದರೆ ಹಗಲಿಡೀ ಸೂರ್ಯನಿಂದ ವಿದ್ಯುತ್ ತೆಗೆದು ನೀರನ್ನು ಹಾಗೇ ಹಿಡಿದಿಟ್ಟು ಕತ್ತಲಾದ ಮೇಲೆ ಬಿಡಬಹುದು. ಬ್ಯಾಟರಿ ಇಲ್ಲದೆ ಬ್ಯಾಟರಿಯ ಕೆಲಸ ಆಗುತ್ತದೆ. ದೆಹಲಿಯವರಿಗೆ ಇದರ ಬೆಲೆ ಹೇಳಿಕೊಡಬೇಕಿಲ್ಲ. 2024ರ ಜೂನ್ 19ರಂದು ಮಧ್ಯಾಹ್ನ ಮೂರರ ಸುಮಾರಿಗೆ ಈ ನಗರದ ಬೇಡಿಕೆ 8,656 ಮೆಗಾವ್ಯಾಟಿಗೆ ಏರಿತು, ಅಲ್ಲಿಯವರೆಗಿನ ದಾಖಲೆ. ಮಧ್ಯಾಹ್ನದ್ದು ಸರಿ, ಸೂರ್ಯ ನೆತ್ತಿಯ ಮೇಲಿದ್ದ. ಅದೇ ವಾರದ ರಾತ್ರಿಗಳಲ್ಲೂ ಏಸಿ ಆರಿಸದೆ ಮಲಗಿದವರು ನಾವೇ ತಾನೆ? ದೂರದ ಸೌರ ವಿದ್ಯುತ್ತು ದೆಹಲಿಗೆ ಹೊಸದೂ ಅಲ್ಲ. 2019ರಿಂದ ಇಲ್ಲಿನ ಮೆಟ್ರೋ ರೈಲಿಗೆ ಮಧ್ಯಪ್ರದೇಶದ ರೀವಾ ಸೌರ ಸ್ಥಾವರದ ವಿದ್ಯುತ್ ಬರುತ್ತಿದೆ. ಹೌಜ್ ಖಾಸ್‌ನಲ್ಲಿ ಗಾಡಿ ಬದಲಿಸುವಾಗ ರೀವಾದ ಬಿಸಿಲು ಯಾರ ನೆನಪಿಗೂ ಬರುವುದಿಲ್ಲ, ಬರಬೇಕಾದ್ದೂ ಇಲ್ಲ.

ದರದ ಮಾತನ್ನೂ ಮುಗಿಸಿಬಿಡುತ್ತೇನೆ. ತೇಲುವುದು ನೆಲದ್ದಕ್ಕಿಂತ ದುಬಾರಿ. 2020ರ ಡಿಸೆಂಬರಿನಲ್ಲಿ ಗುಜರಾತಿನ ಹರಾಜಿನಲ್ಲಿ ನೆಲದ ಸೌರ ವಿದ್ಯುತ್ ಯೂನಿಟ್ಟಿಗೆ 1 ರೂಪಾಯಿ 99 ಪೈಸೆಗೆ ಇಳಿದಿತ್ತು. ಓಂಕಾರೇಶ್ವರದ್ದು 3 ರೂಪಾಯಿ 20 ಪೈಸೆಯ ಆಸುಪಾಸು. ಈ ಅಂಕಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇನ್ನು ನಾನು ಇವತ್ತು ಹೇಳಲೆಂದೇ ಬಂದ ಮಾತು. ಭೂಮಿ ಬೇಡ, ಯಾರನ್ನೂ ಎಬ್ಬಿಸಬೇಕಿಲ್ಲ, ನೀರು ಖಾಲಿ ಬಿದ್ದಿದೆ. ತೇಲುವ ಸೌರಶಕ್ತಿಯ ಪರವಾಗಿ ಮೊದಲು ಹೇಳುವುದೇ ಇದನ್ನು. ನೀರು ಖಾಲಿ ಬಿದ್ದಿದೆ ಎಂದು ಕಾಣುವುದು ನಕ್ಷೆಯಲ್ಲಿ.

ಓಂಕಾರೇಶ್ವರದ ಅಣೆಕಟ್ಟಿನಲ್ಲಿ 520 ಮೆಗಾವ್ಯಾಟಿನ ಜಲವಿದ್ಯುತ್ ಕೇಂದ್ರ 2007ರಿಂದ ನಡೆಯುತ್ತಿದೆ. ಹಿನ್ನೀರಿನಲ್ಲಿ ಘೋಘಲ್‌ಗಾಂವ್ ಎಂಬ ಊರಿದೆ. 2012ರಲ್ಲಿ, ಪುನರ್ವಸತಿ ಮುಗಿಯದೆ ನೀರು ಏರಿಸಬೇಡಿ ಎಂದು ಅಲ್ಲಿನ ಜನ ನೀರಿನಲ್ಲಿ ನಿಂತರು. 17 ದಿನ. ಕಾಲಿನ ಚರ್ಮ ಬೆಳ್ಳಗೆ ಸುಲಿದು ಬಂದ ಫೋಟೋಗಳು ಆಗ ಎಲ್ಲ ಪತ್ರಿಕೆಗಳಲ್ಲಿ ಬಂದವು, ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ಸೆಪ್ಟೆಂಬರಿನಲ್ಲಿ ಸರ್ಕಾರ ಮಟ್ಟವನ್ನು 189 ಮೀಟರಿಗೆ ಇಳಿಸಲು, ಭೂಮಿಗೆ ಬದಲು ಭೂಮಿ ಕೊಡಲು ಒಪ್ಪಿತು. 2015ರಲ್ಲಿ 191 ಮೀಟರಿಗೆ ಏರಿಸಿದಾಗ ಅದೇ ಊರಿನಲ್ಲಿ ಮತ್ತೆ ನೀರಿಗಿಳಿದರು, ಆಗ ಒಂದು ತಿಂಗಳಿಗೂ ಮೇಲೆ. ಈಗ ಸೌರ ವಿದ್ಯುತ್ತಿಗೆ ಖಾಲಿ ಜಾಗ ಎನಿಸಿಕೊಂಡಿರುವುದು ಈ ನೀರೇ. ಹೊಲ ಮುಳುಗಿದ ಮೇಲೆ ಎಷ್ಟೋ ಜನ ದೋಣಿ ಬಲೆ ಹಿಡಿದರು, ನೇಗಿಲು ಹಿಡಿದ ಕೈ ಬಲೆ ಬೀಸುವುದನ್ನು ಕಲಿಯಿತು. ಸ್ಥಾವರ ಬಂದ ಮೇಲೆ ಬಲೆ ಹಾಕುವ ಜಾಗ ಹೋಯಿತು, ಅತ್ತ ಸುಳಿಯಬೇಡಿ ಎನ್ನುತ್ತಾರೆ, ಪರಿಹಾರದ ಮಾತಿಲ್ಲ ಎಂಬುದು ಅಲ್ಲಿನ ಮೀನುಗಾರರ ದೂರು. ಅವರು ಪರಿಹಾರ ಕೇಳಿದರೆ ಕಚೇರಿ ಏನು ಕೇಳುತ್ತದೆ? ನಿಮ್ಮ ಹಕ್ಕಿನ ಕಾಗದ ಎಲ್ಲಿ ಅಂತ. ಹೊಲಕ್ಕೆ ಪಹಣಿ ಇರುತ್ತದೆ. ನೀರಿಗೆ ಎಲ್ಲಿಂದ ತರುವುದು?

ಇಂಥ ಯೋಜನೆ ಊರಿನವರ ಕಿವಿಗೆ ಮೊದಲೇ ಬೀಳಬೇಕಾದ ದಾರಿಯೂ ಮುಚ್ಚಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಪೂರ್ವಾನುಮತಿ ಪಡೆಯುವುದರಿಂದ ಸೌರ ಫಲಕದ ಸ್ಥಾವರಗಳಿಗೆ ವಿನಾಯಿತಿ ಇದೆ. ಪೂರ್ವಾನುಮತಿ ಇಲ್ಲ ಎಂದರೆ ಅದರ ಜೊತೆಗಿನ ಸಾರ್ವಜನಿಕ ವಿಚಾರಣೆಯೂ ಇಲ್ಲ. ಮನೆಯ ಮಹಡಿಗೆ, ಬಂಜರು ನೆಲದ ಒಂದು ತುಣುಕಿಗೆ ಈ ವಿನಾಯಿತಿ ಸರಿ. ಜೋರ್ ಬಾಗ್‌ನ ಇಂದಿರಾ ಪರ್ಯಾವರಣ ಭವನದ ತಲೆಯ ಮೇಲೆ 930 ಕಿಲೋವ್ಯಾಟ್ ಪ್ಯಾನೆಲ್ ಇದೆಯಲ್ಲ, ಅದಕ್ಕೆ ಯಾವ ಊರಿನ ವಿಚಾರಣೆ ಬೇಕು? ಆದರೆ ಸಾವಿರಾರು ಜನ ಬಳಸುವ ನೀರಿನ ಮೇಲೆ ನೂರಾರು ಎಕರೆ ಮುಚ್ಚುವುದನ್ನೂ ಅದೇ ಸಾಲಿಗೆ ಸೇರಿಸಿದ್ದೇವೆ. ಗ್ವಾಲ್ ಪಹಾಡಿಯಲ್ಲೂ ಕೇಂದ್ರ ಹೊಂದಿರುವ ಟೆರಿ ಸಂಸ್ಥೆಯ ಅಂದಾಜಿನಂತೆ ನಮ್ಮ ಜಲಾಶಯಗಳ 18,000 ಚದರ ಕಿಲೋಮೀಟರ್ ಮೇಲೆ 280 ಗಿಗಾವ್ಯಾಟ್ ಕೂರಿಸಬಹುದು. ರಾಮಗುಂಡಂನಷ್ಟು ಅಂತರ ಬಿಟ್ಟು, ಮೆಗಾವ್ಯಾಟಿಗೆ ಐದು ಎಕರೆ ಹಿಡಿದು ಹರಡಿದರೆ ಆ ನೀರಿನ ಮೂರರಲ್ಲೊಂದು ಪಾಲಿಗೆ ಹತ್ತಿರ ಬರುತ್ತದೆ. ಅಷ್ಟು ನೆರಳು ಬಿದ್ದರೆ ಪಾಚಿ ಏನಾಗುತ್ತದೆ, ನೀರಿನ ಆಮ್ಲಜನಕ ಏನಾಗುತ್ತದೆ, ಮೀನು ಎಲ್ಲಿ ಮೊಟ್ಟೆ ಇಡುತ್ತದೆ ಎಂಬುದನ್ನು ಪ್ರತಿ ಜಲಾಶಯದಲ್ಲೂ ಬೇರೆಬೇರೆಯಾಗಿ ನೋಡಬೇಕು. ಒಂದು ಕಡೆಯ ಉತ್ತರ ಇನ್ನೊಂದು ಕಡೆ ನಡೆಯುವುದಿಲ್ಲ.

ಹಾಗಾದರೆ ಬೇಡವೇ? ಬೇಕು. ಕಲ್ಲಿದ್ದಲ ಹೊಗೆಯಲ್ಲಿ ನವೆಂಬರ್ ಕಳೆಯುವ ಈ ಊರಿನಲ್ಲಿ ನಿಂತು ಸೌರ ವಿದ್ಯುತ್ ಬೇಡ ಎನ್ನುವ ಧೈರ್ಯ ನನಗಿಲ್ಲ. ಕೇಳಬೇಕಾದ್ದು ಯಾವ ಕರಾರಿನ ಮೇಲೆ ಎಂದು. ಇದಕ್ಕೆ ಉತ್ತರವನ್ನು ಬೇರೆಲ್ಲೂ ಹುಡುಕಬೇಕಿಲ್ಲ, ತುಮಕೂರು ಜಿಲ್ಲೆಯಲ್ಲೇ ಅರ್ಧ ಸಿಗುತ್ತದೆ.

ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕು ಕಟ್ಟುವಾಗ ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆಯನ್ನು ಸರ್ಕಾರ ಸ್ವಾಧೀನ ಮಾಡಿಕೊಳ್ಳಲಿಲ್ಲ. ರೈತರಿಂದ 28 ವರ್ಷಕ್ಕೆ ಗುತ್ತಿಗೆ ಪಡೆಯಿತು. ಎಕರೆಗೆ ವರ್ಷಕ್ಕೆ ಆರಂಭದಲ್ಲಿ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರ ಏರಿಕೆ. ಪಹಣಿ ರೈತನ ಹೆಸರಿನಲ್ಲೇ ಉಳಿಯಿತು. ನಾಡಿನ ದೊಡ್ಡ ಯೋಜನೆಗಳ ಚರಿತ್ರೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಶರಾವತಿಯಲ್ಲಿ ಊರು ಮುಳುಗಿದವರ ಮೊಮ್ಮಕ್ಕಳು ಇವತ್ತಿಗೂ ತಾವು ಕುಳಿತ ಜಾಗದ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಪೇಟೆ ಬೀದಿಗಳು ಹೋದವು. ಅಂಥ ನಾಡಿನಲ್ಲಿ ವಿದ್ಯುತ್ತಿಗೆ ಜಾಗ ಕೊಟ್ಟ ರೈತನಿಗೆ ಪ್ರತಿ ವರ್ಷ ಬಾಡಿಗೆ ಬರುತ್ತದೆ. ಪಾವಗಡದ ಈ ವ್ಯವಸ್ಥೆಗೂ ಒಂದು ತೂತಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಬಾಡಿಗೆ ಪಹಣಿ ಇದ್ದವರಿಗೆ ಬಂತು. ಅವರ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಏನೂ ಬರಲಿಲ್ಲ, ಕೂಲಿಯೂ ಮೇವೂ ಎರಡೂ ಹೋದವು. ಜಲಾಶಯದಲ್ಲಿ ಎಲ್ಲರೂ ಈ ಎರಡನೆಯ ಗುಂಪಿನವರೇ.

ಉಳಿದ ಅರ್ಧ ಉತ್ತರ ನರ್ಮದೆಯ ಕಣಿವೆಯಲ್ಲೇ ಸಿಗುತ್ತದೆ. ನರ್ಮದೆಯ ಉಪನದಿ ತವಾಕ್ಕೆ ಕಟ್ಟಿದ ಅಣೆಕಟ್ಟಿನಲ್ಲಿ ಊರು ಕಳೆದುಕೊಂಡ ಆದಿವಾಸಿಗಳು ಹೋರಾಡಿ 1996ರಲ್ಲಿ ಜಲಾಶಯದ ಮೀನಿನ ಹಕ್ಕನ್ನು ತಮ್ಮ ಸಹಕಾರ ಒಕ್ಕೂಟಕ್ಕೆ ಪಡೆದರು. ತವಾ ಮತ್ಸ್ಯ ಸಂಘ ಎಂದು ಅದಕ್ಕೆ ಹೆಸರು. ಮೀನು ಹಿಡಿದವರು ಅವರೇ, ಮಾರಿದವರೂ ಅವರೇ, ಮರಿ ಬಿಟ್ಟವರೂ ಅವರೇ. ಹತ್ತು ವರ್ಷ ಚೆನ್ನಾಗಿ ನಡೆಸಿದರು. 2006ರ ಕೊನೆಗೆ ಹುಲಿ ಸಂರಕ್ಷಿತ ಪ್ರದೇಶದ ನಿಯಮ ಮುಂದಿಟ್ಟು ಗುತ್ತಿಗೆ ಮುಂದುವರಿಸಲಿಲ್ಲ. ಮುಗಿದ ರೀತಿ ಬೇಸರದ್ದು. ನೀರಿನ ಮೈಮೇಲೆ ಒಂದು ಹಕ್ಕನ್ನು ಬರೆದುಕೊಡಬಹುದು, ಅದನ್ನು ಮುಳುಗಡೆಯವರ ಹೆಸರಿಗೇ ಬರೆಯಬಹುದು ಎಂಬುದನ್ನು ಮಾತ್ರ ಆ ಹತ್ತು ವರ್ಷ ತೋರಿಸಿಕೊಟ್ಟಿತು.

ಈ ಎರಡನ್ನೂ ಜೋಡಿಸಿ ನೋಡಿ. ಜಲಾಶಯದ ಮೀನುಗಾರರ ಸಹಕಾರ ಸಂಘಕ್ಕೆ, ಸಂಘ ಇಲ್ಲದ ಕಡೆ ಮುಳುಗಡೆ ಊರಿನ ಗ್ರಾಮ ಪಂಚಾಯಿತಿಗೆ, ಮುಚ್ಚಿದ ನೀರಿನ ಪ್ರತಿ ಎಕರೆಗೂ ಪಾವಗಡದ ಆರಂಭದ ದರದಲ್ಲಿ ವರ್ಷಕ್ಕೆ ಬಾಡಿಗೆ ಕೊಡಬೇಕು. ಎಷ್ಟಾಗುತ್ತದೆ? 100 ಮೆಗಾವ್ಯಾಟಿಗೆ 500 ಎಕರೆ ಎಂದಿಟ್ಟುಕೊಳ್ಳಿ. 21,000ದಂತೆ 1 ಕೋಟಿ 5 ಲಕ್ಷ ರೂಪಾಯಿ. ಅಂಥ ಸ್ಥಾವರ ವರ್ಷಕ್ಕೆ ಹೆಚ್ಚುಕಡಿಮೆ 20 ಕೋಟಿ ಯೂನಿಟ್ ಕೊಡುತ್ತದೆ. ಭಾಗಿಸಿದರೆ ಯೂನಿಟ್ಟಿಗೆ ಐದು ಪೈಸೆ ಚಿಲ್ಲರೆ. 3 ರೂಪಾಯಿ 20 ಪೈಸೆಯ ವಿದ್ಯುತ್ತು 3 ರೂಪಾಯಿ 25 ಪೈಸೆ ಆಗುತ್ತದೆ. ಇದರಿಂದ ಯಾವ ಕಂಪನಿಯೂ ಮುಳುಗುವುದಿಲ್ಲ, ನಿಮ್ಮ ಬಿಲ್ಲಿನಲ್ಲಿ ಇದು ಕಣ್ಣಿಗೂ ಬೀಳುವುದಿಲ್ಲ. ಒಂದು ಕೋಟಿ ಎಂಬುದು ಒಂದು ಮೀನುಗಾರರ ಸಂಘಕ್ಕೆ ಎಷ್ಟು ದೊಡ್ಡದು ಎಂಬುದನ್ನು ನೀವೇ ಊಹಿಸಿ. ಹರಾಜಿಗೆ ಮುಂಚೆಯೇ ಈ ಬಾಡಿಗೆಯನ್ನು ಟೆಂಡರಿನ ಕಾಗದದಲ್ಲಿ ಬರೆದಿಟ್ಟರೆ ಎಲ್ಲ ಕಂಪನಿಗಳೂ ಅದನ್ನು ಸೇರಿಸಿಕೊಂಡೇ ದರ ಹೇಳುತ್ತವೆ, ಆಮೇಲೆ ಜಗಳವಿಲ್ಲ. ಸ್ಥಾವರ ಎದ್ದ ಮೇಲೆ, ದೂರು ಬಂದ ಮೇಲೆ, ಜಿಲ್ಲಾಧಿಕಾರಿಯ ಕಚೇರಿಯಲ್ಲಿ ಕೂತು ಕೊಡುವ ಪರಿಹಾರಕ್ಕೂ ಇದಕ್ಕೂ ಅಜಗಜಾಂತರ.

ಹಣದಿಂದ ಎಲ್ಲ ಆಯಿತೇ ಎಂದು ಕೇಳಬಹುದು. ಆಗಲಿಲ್ಲ. ದೋಣಿ ಹೋಗುವ ದಾರಿ ಬಿಡಬೇಕು, ದಡದಿಂದ ಇಂತಿಷ್ಟು ದೂರ ತೆರೆದ ನೀರು ಇರಬೇಕು, ಮೀನು ಮರಿ ಮಾಡುವ ಕೊಲ್ಲಿಗಳನ್ನು ಮುಟ್ಟಬಾರದು. ಇವು ಯಾವುವೆಂದು ಉಪಗ್ರಹದ ಚಿತ್ರ ಹೇಳುವುದಿಲ್ಲ, ಅಲ್ಲಿ ಹರಿಗೋಲು ಹಾಕುವವನನ್ನು ಕೇಳಬೇಕು. ಲಂಗರು ಹಾಕುವ ಎಂಜಿನಿಯರನಿಗೂ ಅವನಿಂದಲೇ ಉಪಕಾರ ಆದೀತು. ಯಾವ ತಿಂಗಳು ಯಾವ ದಿಕ್ಕಿನ ಗಾಳಿ ಏಳುತ್ತದೆ, ನೀರಿಳಿದಾಗ ಎಲ್ಲಿ ಬಂಡೆ ಮೇಲೆ ಬರುತ್ತದೆ ಎಂಬುದು ಅವನಿಗೆ ಬಾಯಿಪಾಠ.

ದೆಹಲಿಯ ಬಗ್ಗೆ ಒಂದು ಮಾತು ಬಾಕಿ ಇದೆ. ನಮ್ಮ ನಲ್ಲಿಯ ನೀರಿನಲ್ಲಿ ಭಾಖ್ರಾದ ಪಾಲಿದೆ, ಅದಕ್ಕಾಗಿ ಗೋಬಿಂದ ಸಾಗರದಲ್ಲಿ ಹಳೆಯ ಬಿಲಾಸಪುರ ಮುಳುಗಿತು. ಸೋನಿಯಾ ವಿಹಾರದ ಶುದ್ಧೀಕರಣ ಘಟಕಕ್ಕೆ ಮುರಾದ್‌ನಗರದ ಕಾಲುವೆಯಿಂದ ಬರುವ ಗಂಗೆಯಲ್ಲಿ ಟೆಹ್ರಿಯ ಪಾಲಿದೆ, ಅದಕ್ಕಾಗಿ ಟೆಹ್ರಿ ಪಟ್ಟಣ ಮುಳುಗಿತು. ಸಿಂಗಪುರದವರು 2021ರಲ್ಲಿ ತೆಂಗೆ ಜಲಾಶಯದ ಮೇಲೆ 60 ಮೆಗಾವ್ಯಾಟ್ ತೇಲಿಸಿ ಆ ವಿದ್ಯುತ್ತನ್ನು ತಮ್ಮ ಊರಿನ ನೀರು ಶುದ್ಧೀಕರಣಕ್ಕೇ ಲೆಕ್ಕ ಹಾಕಿಕೊಂಡರು. ಅವರ ನೀರು, ಅವರ ಪ್ಯಾನೆಲ್, ಅವರದೇ ಬಿಲ್ಲು. ನಮಗೆ ಆ ಸೌಕರ್ಯ ಇಲ್ಲ. ನಾವು ಕುಡಿಯುವುದೂ ಬೇರೆಯವರ ನೀರು, ಮುಂದೆ ಉರಿಸುವುದೂ ಬೇರೆಯವರ ನೀರಿನ ಮೇಲಿನ ವಿದ್ಯುತ್ತು. ಹಾಗಾಗಿ ಐದು ಪೈಸೆ ಹೆಚ್ಚು ಕೊಡಿ ಎಂದು ಮೊದಲು ಕೇಳಬೇಕಾದದ್ದು ಈ ಊರಿನವರನ್ನೇ.

ರಾಮಗುಂಡಂ, ಓಂಕಾರೇಶ್ವರದಷ್ಟು ದೊಡ್ಡ ತೇಲುವ ಸ್ಥಾವರ ಕರ್ನಾಟಕದ ಯಾವ ಜಲಾಶಯದ ಮೇಲೂ ಇನ್ನೂ ಎದ್ದಿಲ್ಲ. ಇದನ್ನು ಹಿಂದುಳಿದದ್ದು ಎಂದು ನಾನು ಎಣಿಸುವುದಿಲ್ಲ, ಕರಾರನ್ನು ಮೊದಲೇ ಸರಿಯಾಗಿ ಬರೆದುಕೊಳ್ಳುವ ಅವಕಾಶ ಉಳಿದಿದೆ ಎಂದು ಎಣಿಸುತ್ತೇನೆ. ಲಿಂಗನಮಕ್ಕಿಯದೋ ಆಲಮಟ್ಟಿಯದೋ ತುಂಗಭದ್ರೆಯದೋ ಕಡತ ಇವತ್ತಲ್ಲ ನಾಳೆ ಈ ಊರಿಗೆ ಬರುತ್ತದೆ, ನಿಮ್ಮಲ್ಲಿ ಯಾರದಾದರೂ ಮೇಜಿನ ಮೇಲೂ ಬಂದೀತು. ತಳದ ನಕ್ಷೆ, ಗಾಳಿಯ ಲೆಕ್ಕ, ದರದ ಲೆಕ್ಕ ಎಲ್ಲವೂ ಅದರಲ್ಲಿರುತ್ತವೆ. ಆ ನೀರಿನಲ್ಲಿ ಬಲೆ ಹಾಕಲು ಪರವಾನಗಿ ಇರುವವರ ಪಟ್ಟಿ ಮತ್ತು ಪರವಾನಗಿ ಇಲ್ಲದೆಯೂ ಅದರಿಂದಲೇ ಬದುಕುವವರ ಪಟ್ಟಿ, ಎರಡೂ ಲಗತ್ತಾಗಿವೆಯೇ ನೋಡಿ. ಇಲ್ಲದಿದ್ದರೆ ಒಂದು ಸಾಲಿನ ಟಿಪ್ಪಣಿ ಬರೆದು ಕಡತವನ್ನು ವಾಪಸ್ ಕಳಿಸಿ.